ನೇರಳೆ ಬೀಜದ ಜೆಲ್ಲು, ಖಾಲಿ ಜೆಲ್ಲು

ತೀರ್ಥಹಳ್ಳಿ ತಾಲೂಕಿನ ಒಂದು ಸಭಾಭವನದಲ್ಲಿ ಮಳೆಗಾಲದ ಒಂದು ಭಾನುವಾರ ಫಾರ್ಮಸಿ ಮೇಷ್ಟ್ರಾದ ನಾನು ಮಾತಾಡಿದ್ದು ಇದು. ಬಂದಿದ್ದೋರು ಅಡಿಕೆ ಬೆಳೆಗಾರರು, ಸ್ವಸಹಾಯ ಸಂಘದ ಹೆಂಗಸರು, ಒಂದಿಷ್ಟು ಬಿಎಸ್ಸಿ ಮತ್ತೆ ಫಾರ್ಮಸಿ ಓದೋ ಮಕ್ಕಳು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಬರ್ದಿದೀನಿ, ಶೀಟಿನ ಮೇಲೆ ಮಳೆ ಹೊಡೆಯೋ ಸದ್ದಿಗೆ ಕೆಲವು ಕಡೆ ನಾನು ಹೇಳಿದ್ದು ನಂಗೇ ಕೇಳ್ಸಲ್ಲ, ಅಂಥಲ್ಲೆಲ್ಲ ನೆನಪಿಂದ ತುಂಬ್ಸಿದೀನಿ.

ಮುಂದಿನ ಸಾಲಿನೋರು ಆ ಡಬ್ಬಿ ನೋಡಿ ಹಿಂದಕ್ಕೆ ದಾಟಿಸಿ. ಮುಚ್ಚಳ ತೆಗೀಬೇಡಿ ಮಾರಾಯ್ರೆ, ಹೊರಗಿಂದಾನೇ ಕಾಣತ್ತೆ. ಕಂದು ಬಣ್ಣದ ಜೆಲ್ಲು, ಅದರ ಮೇಲೆ ಹತ್ತಿ ಉದುರಿದಂಗೆ ಬೆಳ್ಳಗೆ ಕೂತಿದ್ಯಲ್ಲ ಅದು ಬೂಸ್ಟು. ಈಗ ಲೇಬಲ್ ಓದಿ. 'ನೇರಳೆ ಬೀಜದ ಆಂಟಿಬ್ಯಾಕ್ಟೀರಿಯಲ್ ಜೆಲ್.' ನಗ್ರಿ, ನಗೋ ವಿಷ್ಯಾನೇ. ಸೂಕ್ಷ್ಮಜೀವಿ ಕೊಲ್ಲೋಕೆ ಅಂತ ಮಾಡಿದ ಔಷಧಿ ಮೇಲೇ ಸೂಕ್ಷ್ಮಜೀವಿ ಸಂಸಾರ ಹೂಡಿದೆ. ಇದನ್ನ ಮಾಡಿದ್ದು ನಾನೇ, ಜೂನಲ್ಲಿ ನಮ್ಮನೆ ಕಪಾಟಲ್ಲಿ ಇಟ್ಟಿದ್ದು, ಆಗಸ್ಟಿನ ಹೊತ್ತಿಗೆ ಹಿಂಗಾಗಿತ್ತು. ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ, ಉಪ್ಪಿನಕಾಯಿ ಭರಣಿ ಬಾಯಿಗೆ ಎಲ್ಲದಕ್ಕೂ ಬೂಸ್ಟು ಹಿಡಿಯೋ ಊರು ನಮ್ದು, ಜೆಲ್ಲನ್ನ ಯಾಕೆ ಬಿಡತ್ತೆ ಹೇಳಿ. ಇದನ್ನ ಎಸೆಯದೆ ಹಂಗೇ ಇಟ್ಕೊಂಡಿದೀನಿ, ಭಾಷಣ ಇದ್ದಲ್ಲೆಲ್ಲ ತಗೊಂಡು ಹೋಗ್ತೀನಿ, ಯಾಕಂದ್ರೆ ಇವತ್ತು ನಾನು ಹೇಳೋದ್ರಲ್ಲಿ ಅರ್ಧ ಈ ಡಬ್ಬೀಲೇ ಇದೆ. ಬೀಜದಲ್ಲಿ ಶಕ್ತಿ ಇದ್ಯಾ ಅನ್ನೋದು ಸುಲಭದ ಪ್ರಶ್ನೆ, ಇದ್ದೇ ಇರತ್ತೆ. ಆ ಶಕ್ತೀನ ತಂದು ಒಂದು ಜೆಲ್ಲೊಳಗೆ ಕೂರ್ಸೋದು, ಕೂತಿದ್ದು ಚರ್ಮದ ಮೇಲೆ ಹೊರಗೆ ಬರೋದು, ಬಂದಿದ್ದು ಬೀಜದ್ದೇ ಕೆಲಸಾನಾ ಬೇರೆ ಯಾವ್ದರದ್ದಾದ್ರೂ ಕೆಲಸಾನಾ ಅಂತ ಪ್ರಾಮಾಣಿಕವಾಗಿ ನೋಡೋದು, ಇದು ಕಷ್ಟ.

ಬೀಜದಲ್ಲಿ ಶಕ್ತಿ ಇದ್ದೇ ಇರತ್ತೆ ಅಂದೆನಲ್ಲ, ಯಾಕೆ ಅಂತ ಯೋಚ್ನೆ ಮಾಡಿ. ಎಲೆ ಮರದ ಮೇಲೆ ಗಾಳಿ ಬೆಳಕಲ್ಲಿರತ್ತೆ. ಬೀಜ ಹಂಗಲ್ಲ, ಬಿದ್ದು ದರಗಿನ ಕೆಳಗೆ, ನಮ್ಮ ಈ ಮಳೆಗೆ ತೊಯ್ದ ಮಣ್ಣಲ್ಲಿ ತಿಂಗಳುಗಟ್ಟಲೆ ಕಾಯ್ಬೇಕು, ಸುತ್ತ ಬ್ಯಾಕ್ಟೀರಿಯಾ, ಶಿಲೀಂಧ್ರ, ಹುಳ, ಇಲಿ. ಓಡಿಹೋಗೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ. ಅದಕ್ಕೇ ಗಿಡ ತನ್ನ ಬೀಜಕ್ಕೆ ರಾಸಾಯನಿಕದ ಕಾವಲು ಹಾಕಿ ಕಳ್ಸತ್ತೆ, ಕಹಿ, ಒಗರು, ಕೆಲವಕ್ಕೆ ವಿಷಾನೇ. ಹೊಂಗೆ ಬೀಜದಲ್ಲಿ ಕರಂಜಿನ್, ಬೇವಿನ ಬೀಜದಲ್ಲಿ ಅಜಾಡಿರಾಕ್ಟಿನ್ ನಿಂಬಿಡಿನ್, ಕಪ್ಪು ಜೀರಿಗೇಲಿ ಥೈಮೋಕ್ವಿನೋನ್, ಅಡಿಕೇಲಿ ಟ್ಯಾನಿನ್ನು ಜೊತೆಗೆ ಅರೆಕೋಲಿನ್ನು. ಅಡಿಕೆ ಬೇಯಿಸಿದ ಚೊಗರು ಮುಟ್ಟಿದ ಕೈ ವಾರ ಆದ್ರೂ ಕೆಂಪಗೇ ಇರತ್ತಲ್ಲ, ಅದು ಟ್ಯಾನಿನ್ನಿನ ಸಹಿ.

ಗರುಡಫಲ ಗೊತ್ತಾ? ಹಳಬರಿಗೆ ಗೊತ್ತಿರತ್ತೆ, ಹೊಳೆ ಪಕ್ಕದ ಕಾಡಲ್ಲಿ ಇರೋ ಮರ, ಕಂದು ಬಣ್ಣದ ಉರುಟು ಕಾಯಿ. ಇದರ ಬೀಜದೆಣ್ಣೆ, ಇದರದ್ದೇ ಜಾತಿಯ ಚಾಲ್‌ಮೂಗ್ರಾ ಎಣ್ಣೆ, ಎರಡೂ ಕುಷ್ಠರೋಗಕ್ಕೆ ನೂರಾರು ವರ್ಷ ಬಳಕೇಲಿದ್ದಂಥವು. ತೊಂದ್ರೆ ಏನಂದ್ರೆ ಕುಡಿದ್ರೆ ವಾಂತಿ, ಚರ್ಮಕ್ಕೆ ಹಚ್ಚಿದ್ರೆ ಒಳಗೆ ಇಳಿಯಲ್ಲ, ಇಂಜೆಕ್ಷನ್ ಕೊಟ್ರೆ ಮಂದ ಎಣ್ಣೆ ಅಲ್ಲೇ ಗಂಟು ಕಟ್ಕೊಂಡು ಕೂರತ್ತೆ. 1915ರ ಹೊತ್ತಿಗೆ ಹವಾಯಿಯಲ್ಲಿ ಆಲಿಸ್ ಬಾಲ್ ಅಂತ ಒಬ್ಬಳು ಕಪ್ಪು ಹುಡುಗಿ, ಕೆಮಿಸ್ಟ್ರಿ ಟೀಚರ್ರು, ಇನ್ನೂ ಇಪ್ಪತ್ಮೂರು ವರ್ಷ, ಆ ಎಣ್ಣೆಯ ಆಮ್ಲಗಳನ್ನ ಈಥೈಲ್ ಎಸ್ಟರ್ ಮಾಡಿ ತೆಳು ಮಾಡಿದ್ಲು, ಆಮೇಲೆ ಅದನ್ನ ಇಂಜೆಕ್ಷನ್ ಆಗಿ ಕೊಡೋಕೆ ಬಂತು. 1916ರಲ್ಲಿ 24ನೇ ವಯಸ್ಸಿಗೆ ತೀರ್ಕೊಂಡ್ಲು ಪಾಪ, ಹೆಸರು ಬೇರೆಯೋರಿಗೆ ಹೋಯ್ತು, ಅವಳಿಗೆ ಮನ್ನಣೆ ಸಿಕ್ಕಿದ್ದು ಎಷ್ಟೋ ದಶಕ ಆದ್ಮೇಲೆ. ನಲವತ್ತರ ದಶಕದಲ್ಲಿ ಡ್ಯಾಪ್ಸೋನ್ ತರದ ಸಲ್ಫೋನ್ ಔಷಧಿಗಳು ಬರೋ ತನಕ ಕುಷ್ಠಕ್ಕೆ ಅದೇ ಇದ್ದದ್ದು. ನಮ್ಮ ಫಾರ್ಮಸಿ ಮಕ್ಕಳಿಗೆ ನಾನು ಇದನ್ನ ಪ್ರತಿ ವರ್ಷ ಹೇಳ್ತೀನಿ: ಔಷಧಿ ಬೀಜದಲ್ಲಿ ಶತಮಾನದಿಂದ ಇತ್ತು, ಅವಳು ಹೊಸ ಔಷಧಿ ಕಂಡುಹಿಡೀಲಿಲ್ಲ, ರೂಪ ಬದಲಾಯಿಸಿದ್ಲು ಅಷ್ಟೇ. ಆ 'ಅಷ್ಟೇ' ಅನ್ನೋದೇ ನಮ್ಮ ಇಡೀ ಕಸುಬು.

ಸರಿ, ಇಷ್ಟೆಲ್ಲ ಬೀಜ ಇರೋವಾಗ ನೇರಳೇನೇ ಯಾಕೆ ಅಂತ ಕೇಳ್ತೀರಿ. ಒಂದು ಕಾರಣ ಉಪ್ಪಾಗೆ. ತೊಂಬತ್ತರ ದಶಕದಲ್ಲಿ ಉಪ್ಪಾಗೆ ಸಿಪ್ಪೇಲಿರೋ ಹೈಡ್ರಾಕ್ಸಿಸಿಟ್ರಿಕ್ ಆಮ್ಲದಿಂದ ತೂಕ ಇಳಿಯತ್ತೆ ಅಂತ ಹೊರದೇಶದಲ್ಲಿ ಸುದ್ದಿ ಆಗಿ ಇಲ್ಲಿ ರೇಟು ಏರಿದಾಗ ಏನಾಯ್ತು ನಿಮ್ಗೆಲ್ಲ ನೆನಪಿದೆ, ಕಾಯಿ ಹಣ್ಣಾಗೋಕೂ ಬಿಡ್ದೆ ಕೊಂಬೆ ಸಮೇತ ಕಡ್ಕೊಂಡು ಬಂದ್ರು, ಒಣಗ್ಸೋಕೆ ಒಲೆಗೆ ಇನ್ನೊಂದಿಷ್ಟು ಕಾಡು ಹೋಯ್ತು. ಕಾಡಿಂದ ತರಬೇಕಾದ ಬೀಜ ಹಿಡ್ಕೊಂಡು ಕೂತ್ರೆ ನಾಳೆ ಅದು ನಿಜವಾಗ್ಲೂ ಕೆಲಸ ಮಾಡಿದ್ರೆ ಮರಕ್ಕೇ ಆಪತ್ತು. ನೇರಳೆ ಹಂಗಲ್ಲ, ಹಣ್ಣು ತಿಂದು ಬೀಜ ಉಗುಳ್ತೀವಿ, ಜ್ಯೂಸ್ ಮಾಡೋರು ಬುಟ್ಟಿಗಟ್ಟಲೆ ಎಸೀತಾರೆ. ಇನ್ನೊಂದು ಕಾರಣ, ಸಕ್ಕರೆ ಕಾಯಿಲೆಗೆ ಅಂತ ಇದರ ಪುಡಿ ಜನ ಹೊಟ್ಟೆಗೇ ತಗೋತಾರೆ, ಗ್ರಂಧಿಗೆ ಅಂಗಡೀಲಿ ಪ್ಯಾಕೆಟ್ಟಲ್ಲಿ ಸಿಗತ್ತೆ, ಅಂದ್ರೆ ತೀರಾ ಗುರುತಿಲ್ಲದ ವಸ್ತು ಅಲ್ಲ. ಗ್ಯಾಲಿಕ್ ಆಮ್ಲ, ಎಲ್ಯಾಜಿಕ್ ಆಮ್ಲ, ಟ್ಯಾನಿನ್ನು ಧಾರಾಳವಾಗಿದೆ, ನೀರಲ್ಲಿ ಸ್ಪಿರಿಟ್ಟಲ್ಲಿ ಇಳಿದು ಬರತ್ತೆ. ಮೂರನೇ ಕಾರಣ ಹೇಳ್ಬಾರ್ದು ಆದ್ರೂ ಹೇಳ್ತೀನಿ, ನಮ್ಮನೆ ಹಿಂದೆ ಒಂದು ನೇರಳೆ ಮರ ಇದೆ.

ಬೀಜ ತರೋದ್ರಲ್ಲೇ ಅರ್ಧ ಎಡವ್ತೀವಿ. ಹಣ್ಣು ಬರೋದು ಮೇ ಕೊನೆ ಜೂನ್, ಅಷ್ಟೊತ್ತಿಗೆ ಮಳೆ ಕೂತಿರತ್ತೆ. ಮೊದಲ ವರ್ಷ ಹುಡುಗ್ರು ಗೋಣಿಚೀಲದಲ್ಲಿ ತುಂಬಿ ಮೂಲೇಲಿ ಇಟ್ಟಿದ್ರು, ನಾಲ್ಕು ದಿನಕ್ಕೆ ಹುಳಿ ವಾಸ್ನೆ. ಬೂಸ್ಟು ಹಿಡಿದ ಬೀಜ ತೊಳೆದು ಒಣಗಿಸಿದ್ರೆ ಸರಿಹೋಗತ್ತೆ ಅನ್ಕೋಬೇಡಿ, ಬೂಸ್ಟು ಬಿಟ್ಟ ವಿಷ ಒಳಗೇ ಉಳಿಯತ್ತೆ, ಎಕ್ಸ್‌ಟ್ರಾಕ್ಟ್ ಮಾಡಿದ್ರೆ ಅದೂ ಸೇರಿ ಇಳಿಯತ್ತೆ. ಈಗ ಹಣ್ಣು ತಿಂದ ದಿನಾನೇ ತೊಳೆದು, ತಿರುಳು ಉಜ್ಜಿ ತೆಗೆದು, ಡ್ರೈಯರ್ರಲ್ಲಿ 40-45 ಡಿಗ್ರೀಲಿ ಒಣಗಿಸ್ತೀವಿ. ಅಟ್ಟದ ಮೇಲೆ ಒಲೆ ಹೊಗೇಲಿ ಒಣಗಿಸಿದ್ದು ಬೇಡ, ಹೊಗೇಲಿರೋ ಫೀನಾಲುಗಳು ತಾವೇ ಬ್ಯಾಕ್ಟೀರಿಯಾ ಕೊಲ್ತವೆ, ಆಮೇಲೆ ಬೀಜ ಕೊಂದಿದ್ದಾ ಹೊಗೆ ಕೊಂದಿದ್ದಾ ಗೊತ್ತಾಗಲ್ಲ.

ಆಮೇಲೆ ಪುಡಿ ಮಾಡಿ ಜರಡಿ ಹಿಡಿದು, 70 ಪರ್ಸೆಂಟ್ ಆಲ್ಕೋಹಾಲಲ್ಲಿ ಮೂರು ದಿನ ನೆನೆಹಾಕಿ, ದಿನಾ ಅಲ್ಲಾಡಿಸಿ, ಸೋಸಿ, ರೋಟರಿ ಮಷಿನ್ನಲ್ಲಿ ಕಡಿಮೆ ಶಾಖದಲ್ಲಿ ಆಲ್ಕೋಹಾಲ್ ಹಾರಿಸಿದ್ರೆ ಕೊನೆಗೆ ಜೋನಿಬೆಲ್ಲದ ತರ ಒಂದು ಅಂಟು ಉಳಿಯತ್ತೆ, ಮೂಗಿಗೆ ಒಗರು. ಅದೇ ಎಕ್ಸ್‌ಟ್ರಾಕ್ಟು. ಸಾಕ್ಸ್‌ಲೆಟ್ ಅಂತ ಇನ್ನೊಂದು ಗಾಜಿನ ಉಪಕರಣ ಇದೆ, 1879ರಲ್ಲಿ ಜರ್ಮನಿಯ ಸಾಕ್ಸ್‌ಲೆಟ್ ಅನ್ನೋರು ಹಾಲಿನ ಜಿಡ್ಡು ಅಳೆಯೋಕೆ ಮಾಡಿದ್ದು, ಈಗ ಪ್ರಪಂಚದ ಎಲ್ಲಾ ಗಿಡಮೂಲಿಕೆ ಲ್ಯಾಬಲ್ಲೂ ಅದೇ. ಎಣ್ಣೆ ಬೀಜ ಆದ್ರೆ, ಹೊಂಗೆ ಬೇವು ತರದ್ದು, ಮೊದ್ಲು ಹೆಕ್ಸೇನಲ್ಲಿ ಜಿಡ್ಡು ತೆಗೀಬೇಕು, ಇಲ್ಲಾಂದ್ರೆ ಜೆಲ್ಲಲ್ಲಿ ಎಣ್ಣೆ ಬೇರೆ ನೀರು ಬೇರೆ ಆಗಿ ಒಡೆದ ಹಾಲಿನಂಗೆ ಕೂರತ್ತೆ. ಇದ್ಯಾವ್ದನ್ನೂ ಮನೇಲಿ ಮಾಡೋಕೆ ಹೋಗ್ಬೇಡಿ, ಹೆಕ್ಸೇನ್ ಪೆಟ್ರೋಲ್ ತರಾನೇ ಹತ್ಕೊಳ್ಳತ್ತೆ, ಸ್ಪಿರಿಟ್ಟಿಗೆ ಅಬಕಾರಿ ಪರ್ಮಿಟ್ ಬೇರೆ ಬೇಕು.

ಈಗ ಮುಖ್ಯ ಕಥೆಗೆ ಬರ್ತೀನಿ, ಇದನ್ನ ಹೇಳೋಕೆ ನಂಗೆ ಇವತ್ತಿಗೂ ಸ್ವಲ್ಪ ಮುಜುಗರ.

ಬ್ಯಾಕ್ಟೀರಿಯಾ ಸಾಯತ್ತಾ ನೋಡೋದು ಹಿಂಗೆ: ಅಗಾರ್ ಅಂತ ಕಡಲಪಾಚಿಯಿಂದ ಮಾಡಿದ ಗಟ್ಟಿ ಜೆಲ್ಲಿ, ಹಾಲುಬಾಯಿ ಹದ ಅನ್ಕೊಳ್ಳಿ, ಅದನ್ನ ತಟ್ಟೇಲಿ ಹೊಯ್ದು ಮೇಲೆ ಬ್ಯಾಕ್ಟೀರಿಯಾ ಸವರ್ತೀವಿ. ನಾವು ತಗೊಂಡಿದ್ದು ಸ್ಟೆಫೈಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ, ಚಿಕ್ಕದಾಗಿ ಸ್ಟಾಫ್ ಅಂತೀವಿ, ಕುರ, ಕೀವುಗುಳ್ಳೆ, ಕೆಸರಲ್ಲಿ ಒಡೆದ ಕಾಲಿನ ಹುಣ್ಣು ಕೀವಾಗೋದು ಇದರದ್ದೇ ಕೈವಾಡ ಬಹಳ ಸಲ. ತಟ್ಟೇಲಿ ಪುಟ್ಟ ಗುಳಿ ಕೊರೆದು ಔಷಧಿ ಹಾಕಿ ರಾತ್ರಿ ಪೂರ್ತಿ 37 ಡಿಗ್ರೀಲಿ ಇಟ್ರೆ ಬೆಳಿಗ್ಗೆ ತಟ್ಟೆ ತುಂಬ ಬ್ಯಾಕ್ಟೀರಿಯಾ ಮಂಜು ಕವಿದಂಗೆ ಬೆಳೆದಿರತ್ತೆ, ಔಷಧಿ ಕೆಲಸ ಮಾಡಿದಲ್ಲಿ ಮಾತ್ರ ಗುಳಿ ಸುತ್ತ ತಿಳಿಯಾದ ಒಂದು ವೃತ್ತ. ಝೋನ್ ಅಂತೀವಿ. ಅದನ್ನ ಸ್ಕೇಲಲ್ಲಿ ಅಳೆದು ಮಿಲಿಮೀಟರ್ ಬರ್ಕೊಳ್ಳೋದು.

ನಮ್ಮ ನೇರಳೆ ಜೆಲ್ಲಿನ ಸುತ್ತ ಮೊದಲ ಸಲವೇ ಒಳ್ಳೆ ಚಂದ್ರನ ಪರಿವೇಷದ ತರ ಝೋನು ಬಂತು. ಹುಡುಗ್ರು ಕುಣಿದಾಡಿದ್ರು, ನಾನೂ ಕುಣಿದೆ, ಫೋಟೋ ತೆಗೆದು ಮನೆಯವ್ರಿಗೆಲ್ಲ ಕಳ್ಸಿದೆ, ಪೇಪರ್ ಬರೆಯೋಕೆ ಶುರು ಮಾಡೂ ಆಯ್ತು. ಮೈಕ್ರೋಬಯಾಲಜಿಯ ಹಿರಿಯ ಮೇಡಂ ಒಬ್ರಿಗೆ ತೋರಿಸ್ದೆ. ಅವ್ರು ತಟ್ಟೆ ಬೆಳಕಿಗೆ ಹಿಡಿದು ನೋಡಿ ಒಂದೇ ಮಾತು ಕೇಳಿದ್ದು, "ಖಾಲಿ ಜೆಲ್ ಎಲ್ಲಿ ಹಾಕಿದೀರಿ?"

ಹಾಕಿರ್ಲಿಲ್ಲ. ಅಂದ್ರೆ ಬೀಜದ ಎಕ್ಸ್‌ಟ್ರಾಕ್ಟ್ ಒಂದನ್ನ ಬಿಟ್ಟು ಉಳಿದಿದ್ದೆಲ್ಲ ಇರೋ ಜೆಲ್ಲು, ಅದನ್ನ ಪಕ್ಕದ ಗುಳೀಲಿ ಹಾಕಿ ಹೋಲಿಸ್ಬೇಕಿತ್ತು. ನಾವು ಹಾಕಿದ್ದು ಬರೀ ನೀರು. ಮರುದಿನ ಹಾಕಿದ್ವಿ. ಖಾಲಿ ಜೆಲ್ಲಿನ ಸುತ್ತಾನೂ ಝೋನು! ನೇರಳೆ ಜೆಲ್ಲಿಗಿಂತ ಸ್ವಲ್ಪ ಚಿಕ್ಕದು, ಆದ್ರೆ ಇತ್ತು, ಮುಖಕ್ಕೆ ಹೊಡೆದಂಗೆ ಇತ್ತು. ಕೂತು ಲೆಕ್ಕ ಹಾಕಿದ್ರೆ ಕಾರಣ ಒಂದಲ್ಲ. ಜೆಲ್ಲು ಕೆಡದಿರ್ಲಿ ಅಂತ ಪ್ಯಾರಾಬೆನ್ ಹಾಕಿದ್ವಿ, ಅದರ ಕೆಲಸಾನೇ ಬ್ಯಾಕ್ಟೀರಿಯಾ ತಡೆಯೋದು. ಚರ್ಮದೊಳಗೆ ಇಳೀಲಿ ಅಂತ ಪ್ರೊಪಿಲಿನ್ ಗ್ಲೈಕಾಲ್ ಹಾಕಿದ್ವಿ, ಜಾಸ್ತಿ ಇದ್ರೆ ಅದೂ ಬ್ಯಾಕ್ಟೀರಿಯಾಗೆ ಆಗ್ಬರಲ್ಲ. ಒಬ್ಬ ಹುಡುಗ ಎಕ್ಸ್‌ಟ್ರಾಕ್ಟ್ ಕರಗ್ಲಿಲ್ಲ ಅಂತ ಡಿಎಂಎಸ್ಒ ಅನ್ನೋ ದ್ರಾವಕಾನ ಕೈಬಿಚ್ಚಿ ಹೊಯ್ದಿದ್ದ. ಸಾಲದ್ದಕ್ಕೆ ಜೆಲ್ಲಿನ ಹುಳಿ ಸರಿಯಾಗಿ ಮುರಿದಿರ್ಲಿಲ್ಲ, ಹುಳಿ ಜಾಸ್ತಿ ಇದ್ರೆ ಸ್ಟಾಫ್ ಹಂಗೇ ಮುದುಡತ್ತೆ. ಎಲ್ಲಾ ಸೇರಿ ಬಂದ ಝೋನನ್ನ ನಾವು ನೇರಳೆಯಮ್ಮನ ಮಹಿಮೆ ಅಂತ ಊರಿಗೆಲ್ಲ ಸಾರಿದ್ವಿ. ಪೇಪರ್ ಬರೆಯೋದು ಅಲ್ಲಿಗೆ ನಿಂತಿತು. ಫೋಟೋ ಕಳ್ಸಿದ್ದು ಮಾತ್ರ ವಾಪಸ್ ತಗೊಳ್ಳೋಕಾಗಲ್ಲ, ನಮ್ಮ ಭಾವ ಇವತ್ತಿಗೂ ಕಂಡಾಗೆಲ್ಲ "ಪೇಟೆಂಟ್ ಬಂತಾ?" ಅಂತಾರೆ.

ಆಮೇಲೆ ಎಲ್ಲಾ ಸರಿ ಮಾಡಿ, ದ್ರಾವಕ ಕಡಿಮೆ ಮಾಡಿ, ಪಿಎಚ್ ಅಂದ್ರೆ ಹುಳಿಯ ಅಳತೆ ಹೊಂದಿಸಿ, ಖಾಲಿ ಜೆಲ್ಲು, ಬರೀ ಎಕ್ಸ್‌ಟ್ರಾಕ್ಟು, ನೇರಳೆ ಜೆಲ್ಲು, ಅಂಗಡೀಲಿ ಸಿಗೋ ಮ್ಯುಪಿರೋಸಿನ್ 2 ಪರ್ಸೆಂಟ್ ಮುಲಾಮು, ನಾಲ್ಕನ್ನೂ ಒಂದೇ ತಟ್ಟೇಲಿ ಹಾಕಿ ನೋಡಿದ್ವಿ. ನೇರಳೇದು ಕೆಲಸ ಇದೆ, ಸುಳ್ಳಲ್ಲ, ಆದ್ರೆ ಮೊದ್ಲು ಕುಣಿದಾಡಿದಷ್ಟಿಲ್ಲ. ಸ್ಟಾಫಿನ ಮೇಲೆ ಪರವಾಗಿಲ್ಲ, ಇ. ಕೋಲೈ, ಸೂಡೊಮೊನಾಸ್ ತರದ ಗ್ರಾಂ ನೆಗೆಟಿವ್ ಅನ್ನೋ ಗುಂಪಿನ ಬ್ಯಾಕ್ಟೀರಿಯಾಗಳ ಮೇಲೆ ಬಹಳ ಮಂದ, ಅವಕ್ಕೆ ಹೊರಗೆ ಇನ್ನೊಂದು ಪೊರೆ ಇರತ್ತೆ, ಗಿಡದ ಹೆಚ್ಚಿನ ವಸ್ತುಗಳು ಅದನ್ನ ದಾಟಲ್ಲ. ಇನ್ನೊಂದು ವಿಷ್ಯ ಮಕ್ಕಳು ಬರ್ಕೊಳ್ಳಿ: ಝೋನ್ ದೊಡ್ಡದಿದ್ರೆ ಔಷಧಿ ದೊಡ್ಡದು ಅಂತಲ್ಲ. ಸಣ್ಣ ಅಣು, ನೀರಲ್ಲಿ ಕರಗೋದು ಅಗಾರಲ್ಲಿ ದೂರ ಹರಿಯತ್ತೆ, ಎಣ್ಣೆ ತರದ್ದು ಗುಳಿ ಬಿಟ್ಟು ಏಳೋದೇ ಇಲ್ಲ, ಅದಕ್ಕೆ ಝೋನ್ ಬರಲ್ಲ ಅಂತ ನಿಷ್ಪ್ರಯೋಜಕ ಅನ್ನೋಕಾಗಲ್ಲ. ಅದಕ್ಕೇ ಎಂಐಸಿ ನೋಡ್ಬೇಕು, ಎಷ್ಟು ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆ ನಿಲ್ಲತ್ತೆ ಅಂತ. ಮ್ಯುಪಿರೋಸಿನ್ನಿಗೆ ಬಗ್ಗೋ ಸ್ಟಾಫಿಗೆ ಒಂದು ಎಂಎಲ್‌ಗೆ 1 ಮೈಕ್ರೋಗ್ರಾಂಗಿಂತ ಕಡಿಮೆ ಸಾಕು. ಗಿಡದ ಕಚ್ಚಾ ಎಕ್ಸ್‌ಟ್ರಾಕ್ಟುಗಳು ಸಾಮಾನ್ಯವಾಗಿ ಮಿಲಿಗ್ರಾಂ ಲೆಕ್ಕದಲ್ಲಿ ಬರ್ತವೆ, ಸಾವಿರ ಪಟ್ಟು ಆಚೆ. 'ಇಂಗ್ಲಿಷ್ ಮದ್ದಿಗಿಂತ ನಮ್ಮ ಬೀಜ ಜೋರು' ಅಂತ ಯಾರಾದ್ರೂ ಹೇಳಿದ್ರೆ ತಟ್ಟೆ ತೋರ್ಸಿ ಅನ್ನಿ, ತೋರಿಸಿದ್ರೆ ಖಾಲಿ ಜೆಲ್ ಎಲ್ಲಿ ಅನ್ನಿ.

ಜೆಲ್ ಮಾಡೋದು ಹೆಂಗೆ ಅಂತ ಅಕ್ಕ ಒಬ್ರು ಆಗ್ಲೇ ಸನ್ನೆ ಮಾಡ್ತಿದಾರೆ, ಹೇಳ್ತೀನಿ. ಕಾರ್ಬೋಪಾಲ್ ಅಂತ ಬಿಳಿ ಪುಡಿ ಬರತ್ತೆ, ನೂರು ಗ್ರಾಂ ಜೆಲ್ಲಿಗೆ ಅರ್ಧದಿಂದ ಒಂದು ಗ್ರಾಂ ಸಾಕು. ಒಮ್ಮೆಲೇ ನೀರಿಗೆ ಸುರಿದ್ರೆ ಅಂಬಲಿಗೆ ಹಿಟ್ಟು ಸುರಿದಂಗೆ ಗಂಟು ಗಂಟು, ಹೊರಗೆ ಅಂಟು ಒಳಗೆ ಒಣ ಪುಡಿ, ಆ ಗಂಟು ಬ್ರಹ್ಮ ಬಂದ್ರೂ ಕರಗಲ್ಲ. ನೀರು ತಿರುಗ್ತಾ ಇರೋವಾಗ ಚಿಟಿಕೆ ಚಿಟಿಕೆ ಉದುರಿಸಿ ರಾತ್ರಿ ಪೂರ್ತಿ ನೆನೆಯೋಕೆ ಬಿಡ್ಬೇಕು. ಬೆಳಿಗ್ಗೆ ನೋಡಿದ್ರೆ ಇನ್ನೂ ನೀರು ನೀರೇ, ಪಿಎಚ್ ಸುಮಾರು 3, ನಿಂಬೆ ಪಾನಕದಷ್ಟು ಹುಳಿ. ಅದಕ್ಕೆ ಟ್ರೈಎಥನಾಲಮೈನ್ ಹನಿ ಹನಿ ಹಾಕ್ತಾ ಹೋದಂಗೆ ಹುಳಿ ಮುರಿದು, ಉಂಡೆ ಸುತ್ಕೊಂಡಿದ್ದ ಪಾಲಿಮರ್ ಎಳೆಗಳಿಗೆಲ್ಲ ಒಂದೇ ಜಾತಿ ವಿದ್ಯುತ್ ಚಾರ್ಜ್ ಬಂದು ಒಂದನ್ನೊಂದು ದೂಡ್ತಾ ನೆಟ್ಟಗೆ ಹರಡ್ಕೊಳ್ತವೆ, ನೀರೆಲ್ಲ ಅವುಗಳ ಮಧ್ಯ ಸಿಕ್ಕಾಕ್ಕೊಂಡು ಕಣ್ಣೆದುರೇ ಗಟ್ಟಿ. ಎಷ್ಟು ಸಲ ಮಾಡಿದ್ರೂ ನಂಗೆ ಆ ಕ್ಷಣ ನೋಡೋದು ಖುಷಿ. ನಮ್ಮ ಚರ್ಮದ ಪಿಎಚ್ 5ರ ಆಸುಪಾಸು, ಸ್ವಲ್ಪ ಹುಳಿ ಕಡೆಗೇ, ಜೆಲ್ಲನ್ನ 6ರ ಹತ್ರ ತಂದು ನಿಲ್ಲಿಸ್ತೀವಿ. ಬಟ್ಟೆ ಸೋಪು 9-10 ಇರತ್ತೆ, ಅದರಲ್ಲಿ ಕಾಲು ಉಜ್ಜಿ ಉಜ್ಜಿ ತೊಳೆಯೋರಿಗೆ ಮಳೆಗಾಲದಲ್ಲಿ ಬೆರಳ ಸಂದಿ ಬೇಗ ಬಿರಿಯೋದು ಸುಮ್ನೆ ಅಲ್ಲ.

ಈಗ ಈ ಚಂದದ ಜೆಲ್ಲಿಗೆ ನೇರಳೆ ಎಕ್ಸ್‌ಟ್ರಾಕ್ಟ್ ಹಾಕಿದ್ರೆ ಏನಾಗತ್ತೆ? ನೀರಾಗತ್ತೆ! ಗಿಡದ ಎಕ್ಸ್‌ಟ್ರಾಕ್ಟಲ್ಲಿ ಪೊಟ್ಯಾಸಿಯಂ ಕ್ಯಾಲ್ಸಿಯಂ ಅಂತ ಲವಣ ಇರತ್ತೆ, ಲವಣ ಕಂಡ್ರೆ ಕಾರ್ಬೋಪಾಲಿನ ಎಳೆಗಳು ಮತ್ತೆ ಮುದುಡ್ಕೊಳ್ತವೆ. ಬೆವರಿನ ಉಪ್ಪಿಗೂ ಅಷ್ಟೇ, ಅದಕ್ಕೇ ಇಂಥ ಜೆಲ್ಲು ಕೈಗೆ ಹಚ್ಚಿದ ಕೂಡ್ಲೇ ಕರಗಿದಂಗೆ ಆಗೋದು, ಅಲ್ಲಿ ಅದು ಅನುಕೂಲ, ಡಬ್ಬಿಯೊಳಗೇ ಆದ್ರೆ ಅನರ್ಥ. ಇನ್ನೊಂದ್ಸಲ ಜೆಲ್ಲು ಬೆಳಿಗ್ಗೆ ಕಂದು, ಸಂಜೆಗೆ ಮಸಿ ಕಪ್ಪು. ತಲೆ ಕೆಡಿಸ್ಕೊಂಡು ಹುಡುಕಿದ್ರೆ ಯಾರೋ ಕಬ್ಬಿಣದ ಚಮಚದಲ್ಲಿ ಕಲಕಿದ್ದಾರೆ. ಟ್ಯಾನಿನ್ನಿಗೆ ಕಬ್ಬಿಣ ಸೇರಿದ್ರೆ ಶಾಯಿ, ಹಳೇ ಕಾಲದಲ್ಲಿ ಅಳಲೆಕಾಯಿಗೆ ಕಬ್ಬಿಣ ಸೇರ್ಸಿ ಮಸಿ ಮಾಡ್ತಿದ್ದದ್ದು ಇದೇ ಕೆಮಿಸ್ಟ್ರಿ, ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗೋದೂ ಇದೇ. ನನ್ನ ಹತ್ರ ಆ ಬ್ಯಾಚಿನದ್ದು ಒಂದು ಡಬ್ಬಿ ಇದೆ, ಹುಣ್ಣಿಗೆ ಆಗಲ್ಲ, ಪತ್ರ ಬರೀಬಹುದು.

ಅದಿರ್ಲಿ, ಟ್ಯಾನಿನ್ನಿನ ಗುಣಾನೇ ಅದರ ದೋಷ, ಇದು ಸ್ವಲ್ಪ ಗಮನ ಕೊಟ್ಟು ಕೇಳಿ. ಟ್ಯಾನಿನ್ ಕಂಡಕಂಡ ಪ್ರೋಟೀನಿಗೆ ಅಂಟ್ಕೊಳ್ಳತ್ತೆ. ನೇರಳೆ ತಿಂದ್ರೆ ನಾಲಿಗೆ ಒಗರಾಗೋದು ಎಂಜಲಿನ ಪ್ರೋಟೀನಿಗೆ ಅದು ಅಂಟಿದ್ದಕ್ಕೆ, ತೊಗಲು ಹದ ಮಾಡೋದೂ ಅದರಿಂದಾನೇ. ಬ್ಯಾಕ್ಟೀರಿಯಾಗೆ ಏಟು ಕೊಡೋದ್ರಲ್ಲೂ ಇದೇ ಅಂಟುಗುಣದ ಪಾತ್ರ ದೊಡ್ಡದು. ಆದ್ರೆ ಹುಣ್ಣಲ್ಲಿ ಬರೀ ಬ್ಯಾಕ್ಟೀರಿಯಾ ಇರಲ್ಲ, ಕೀವು, ರಕ್ತದ ನೀರು ಎಲ್ಲ ಪ್ರೋಟೀನೇ. ಟ್ಯಾನಿನ್ ಅದಕ್ಕೆಲ್ಲ ಅಂಟಿ ಖರ್ಚಾಗೋಗತ್ತೆ. ತಟ್ಟೇಲಿ ಗೆದ್ದೋನು ಕೀವಿನ ಮುಂದೆ ಸೋಲೋದು ಹಿಂಗೆ. ಕೆಲವು ಸಲ ಜೆಲ್ಲಿನ ಪಾಲಿಮರಿಗೇ ಅಂಟ್ಕೊಂಡು ಹೊರಗೇ ಬರಲ್ಲ, ಡಬ್ಬಿ ತುಂಬ ಔಷಧಿ, ಚರ್ಮಕ್ಕೆ ಸೊನ್ನೆ.

ಇನ್ನು 'ಗಿಡದ್ದಲ್ವಾ, ಏನೂ ಆಗಲ್ಲ' ಅನ್ನೋರಿಗೆ ಒಂದು ಹಳೇ ಕಥೆ. 1925ರಲ್ಲಿ ಅಮೆರಿಕದ ಡೆಟ್ರಾಯ್ಟಲ್ಲಿ ಡೇವಿಡ್ಸನ್ ಅನ್ನೋ ಡಾಕ್ಟ್ರು ಸುಟ್ಟಗಾಯಕ್ಕೆ ಟ್ಯಾನಿಕ್ ಆಮ್ಲ ಹಚ್ಚೋದು ಶುರು ಮಾಡಿದ್ರು. ಗಾಯದ ಮೇಲೆ ತೊಗಲಿನ ತರ ಗಟ್ಟಿ ಪೊರೆ ಕಟ್ಟತ್ತೆ, ನೀರು ಸೋರೋದು ನಿಲ್ಲತ್ತೆ, ನೋವು ಕಡಿಮೆ. ಪ್ರಪಂಚದಾದ್ಯಂತ ಸುಮಾರು ಹದಿನೈದು ವರ್ಷ ಅದೇ ಚಿಕಿತ್ಸೆ. ನಲವತ್ತರ ದಶಕದಲ್ಲಿ ಗೊತ್ತಾಯ್ತು, ದೊಡ್ಡ ಗಾಯದ ಮೂಲಕ ಅದು ರಕ್ತಕ್ಕೆ ಸೇರಿ ಲಿವರ್ ಹಾಳು ಮಾಡತ್ತೆ ಅಂತ. ಬಿಟ್ರು. ಅದಕ್ಕೇ ನಮ್ಮ ಜೆಲ್ಲನ್ನ ಸಣ್ಣ ಪುಟ್ಟ ತರಚು, ಮೇಲ್ಮೈ ಗುಳ್ಳೆ ಬಿಟ್ಟು ಬೇರೆ ಯಾವ್ದಕ್ಕೂ ನಾವು ಯೋಚ್ನೆ ಮಾಡಲ್ಲ. ಬಾವಂಚಿ ಬೀಜ ತೊನ್ನಿಗೆ ಹಚ್ತಾರಲ್ಲ, ಅದರಲ್ಲಿರೋ ಸೊರಾಲೆನ್ ಹಚ್ಕೊಂಡು ಬಿಸಿಲಿಗೆ ನಿಂತ್ರೆ ಚರ್ಮ ಬೊಬ್ಬೆ ಏಳತ್ತೆ, ಸುಟ್ಟಂಗೇ. ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚೋದು ಹಳ್ಳೀಲಿ ಇನ್ನೂ ಇದೆ, ಕಣ್ಣಿಗೆ ಹೋದ್ರೆ ಕಣ್ಣಿನ ಮೇಲ್ಪದರಾನೇ ಕಿತ್ತು ಬರೋ ಅಷ್ಟು ಉರಿ, ದಯವಿಟ್ಟು ಮಕ್ಕಳ ತಲೆಗೆ ಹಚ್ಬೇಡಿ.

ಮತ್ತೆ ಆ ಬೂಸ್ಟಿನ ಡಬ್ಬಿಗೆ ಬರೋಣ, ಹಿಂದಿನ ಸಾಲಿಗೆ ತಲುಪ್ತಾ? ಖಾಲಿ ಜೆಲ್ಲಿನ ಅವಮಾನ ಆದ್ಮೇಲೆ ನಾನು ಸಿಟ್ಟಲ್ಲಿ ಪ್ಯಾರಾಬೆನ್ನೇ ಬೇಡ, ನೇರಳೆ ತನ್ನನ್ನ ತಾನು ಕಾಪಾಡ್ಕೊಳ್ಳಲಿ ಅಂತ ಪ್ರಿಸರ್ವೇಟಿವ್ ಇಲ್ಲದೆ ಮಾಡಿದ ಬ್ಯಾಚು ಅದು. ನೇರಳೆಗೆ ಬ್ಯಾಕ್ಟೀರಿಯಾ ಮೇಲೆ ಅಷ್ಟಿಷ್ಟು ಹಿಡಿತ, ಬೂಸ್ಟಿನ ಮೇಲೆ ಇಲ್ಲ, ಅದರಲ್ಲಿರೋ ಸಕ್ಕರೆ ಪಿಷ್ಟ ಎಲ್ಲ ಬೂಸ್ಟಿಗೆ ಹಬ್ಬದೂಟ. ನೀರಿರೋ ಯಾವುದೇ ಹರ್ಬಲ್ ಜೆಲ್ 'ನೋ ಪ್ರಿಸರ್ವೇಟಿವ್' ಅಂದ್ರೆ ನಂಗೆ ಈಗ ಭಯ. ಫಾರ್ಮಕೋಪಿಯ ಅಂತ ಔಷಧಿ ಗುಣಮಟ್ಟದ ಪುಸ್ತಕ ಇದೆ, ಅದರ ಪ್ರಕಾರ ಚರ್ಮಕ್ಕೆ ಹಚ್ಚೋ ಔಷಧೀಲಿ ಒಂದು ಗ್ರಾಂಗೆ ನೂರರ ಲೆಕ್ಕಕ್ಕಿಂತ ಜಾಸ್ತಿ ಬ್ಯಾಕ್ಟೀರಿಯಾ ಇರ್ಬಾರ್ದು, ಸ್ಟಾಫ್ ಆರಿಯಸ್ಸು, ಸೂಡೊಮೊನಾಸ್ಸು ಒಂದೂ ಇರ್ಬಾರ್ದು. ಪ್ಯಾರಾಬೆನ್ ವಾಪಸ್ ಹಾಕಿದ್ವಿ, ಖಾಲಿ ಜೆಲ್ಲಿಗೂ ಅಷ್ಟೇ ಹಾಕಿ ಹೋಲಿಸ್ತೀವಿ, ಅಲ್ಲಿಗೆ ಜಗಳ ಮುಗೀತು. ಈಗ 40 ಡಿಗ್ರಿ, 75 ಪರ್ಸೆಂಟ್ ತೇವದ ಪೆಟ್ಟಿಗೇಲಿ ಆರು ತಿಂಗಳು ಇಟ್ಟು ನೋಡೋ ಪರೀಕ್ಷೆ ನಡೀತಿದೆ. ಆಗುಂಬೆ ಜುಲೈ ಮುಂದೆ 75 ಪರ್ಸೆಂಟ್ ಏನೂ ಅಲ್ಲ ಅಂತ ನಮ್ಮ ಅಟೆಂಡರ್ ಅಣ್ಣ ನಗ್ತಾರೆ.

ಕೊನೇಲಿ ಬಂದ ಪ್ರಶ್ನೆಗಳಲ್ಲಿ ನೆನಪಿರೋದು ಹಾಕ್ತೀನಿ.

"ಕೆಮಿಕಲ್ ಪುಡಿ ಎಂತಕ್ಕೆ ಮೇಷ್ಟ್ರೆ, ನಮ್ಮ ಮತ್ತಿಸೊಪ್ಪಿನ ಗೊಂಪು, ದಾಸವಾಳದ ಲೋಳೆ, ಲೋಳೆಸರ ಇಲ್ವಾ?" ಅಂತ ಹಿರಿಯರೊಬ್ರು ಕೇಳಿದ್ರು. ಒಳ್ಳೆ ಪ್ರಶ್ನೆ, ಅದನ್ನೂ ಮಾಡಿ ನೋಡಿದೀವಿ. ತಲೆಗೆ ಹಚ್ಚಿ ಅರ್ಧ ಗಂಟೇಲಿ ತೊಳೆಯೋಕೆ ಅದರಷ್ಟು ಒಳ್ಳೇದಿಲ್ಲ. ಡಬ್ಬೀಲಿ ಇಡೋಕೆ ಆಗಲ್ಲ, ಮೂರನೇ ದಿನಕ್ಕೆ ಹುಳಿ ಬಂದು ನೀರಾಗತ್ತೆ, ಬೇಸಿಗೆ ಎಲೆ ಬೇರೆ ಮಳೆಗಾಲದ ಎಲೆ ಬೇರೆ, ಒಂದು ಬ್ಯಾಚಿನ ಹದ ಇನ್ನೊಂದಕ್ಕೆ ಬರಲ್ಲ.

"ಇದನ್ನ ಹಚ್ಕೊಂಡ್ರೆ ಉಣುಗು ಹತ್ತಲ್ವಾ?" ಕಾಡಂಚಿನ ಊರಿನ ಹುಡುಗ ಕೇಳಿದ್ದು. ಇಲ್ಲಪ್ಪ. ಉಣುಗು ಹರಡೋ ಮಂಗನ ಕಾಯಿಲೆ ವೈರಸ್ಸಿಂದ ಬರೋದು, 1957ರಲ್ಲಿ ಇಲ್ಲೇ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ನಮ್ಮ ಜೆಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಆರೋಗ್ಯ ಇಲಾಖೆಯೋರು ಕೊಡೋ ಎಣ್ಣೇನೇ ಹಚ್ಕೊಳ್ಳಿ.

ಸಕ್ಕರೆ ಕಾಯಿಲೆ ಇರೋ ಒಬ್ರು ತಮ್ಮ ಕಾಲಿನ ಹುಣ್ಣು ತೋರ್ಸೋಕೆ ಪ್ಯಾಂಟ್ ಮಡಚಿದ್ರು. ನೇರಳೆ ಬೀಜ ಸಕ್ಕರೆಗೆ ಒಳ್ಳೇದು, ಹಂಗಾದ್ರೆ ಸಕ್ಕರೆ ಹುಣ್ಣಿಗೂ ಒಳ್ಳೇದೇ ಅಂತ ಅವ್ರ ಲೆಕ್ಕ. ಜೆಲ್ಲು ಕೊಡ್ಲಿಲ್ಲ, ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಹೋಗಿ ಅಂದೆ, ಅವ್ರಿಗೆ ಸ್ವಲ್ಪ ಬೇಜಾರಾಯ್ತು.

ಪೇಟೆಂಟ್ ಬಗ್ಗೆ ಮಕ್ಕಳು ಕೇಳಿದ್ರು. ಅರಿಶಿನದಿಂದ ಗಾಯ ಮಾಯತ್ತೆ ಅಂತ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ರು, ನಮ್ಮ ಸರ್ಕಾರದ ವಿಜ್ಞಾನ ಸಂಸ್ಥೆ ಸಿಎಸ್ಐಆರ್ ಹಳೇ ಗ್ರಂಥ ತೋರ್ಸಿ ವಾದ ಮಾಡಿ 1997ರಲ್ಲಿ ರದ್ದು ಮಾಡ್ಸಿತು. ಬೇವಿನ ಬೀಜದೆಣ್ಣೆಯ ಶಿಲೀಂಧ್ರನಾಶಕಕ್ಕೆ ಯುರೋಪಲ್ಲಿ 1994ರಲ್ಲಿ ಕೊಟ್ಟಿದ್ದು 2000ದಲ್ಲಿ ರದ್ದಾಗಿ ಮೇಲ್ಮನವೀನೂ 2005ರಲ್ಲಿ ಬಿದ್ದೋಯ್ತು. ಅಜ್ಜಿಗೆ ಗೊತ್ತಿದ್ದಕ್ಕೆ ಪೇಟೆಂಟ್ ಸಿಗಲ್ಲ, ಸಿಗ್ಬಾರ್ದು ಕೂಡ. ನಿಮ್ಮ ಪಂಚಾಯ್ತೀಲಿ ಜೀವವೈವಿಧ್ಯ ಸಮಿತಿ ಅಂತ ಇರತ್ತೆ, 2002ರ ಕಾಯ್ದೆ ಪ್ರಕಾರ ಊರಿನ ಗಿಡ, ಅದರ ಬಳಕೆ ಎಲ್ಲ ದಾಖಲೆ ಮಾಡೋ ಪುಸ್ತಕ ಅವ್ರ ಹತ್ರ ಇರ್ಬೇಕು. ಇದ್ಯಾ ಕೇಳಿ. ಸಭೇಲಿ ಇಬ್ರು ಪಂಚಾಯ್ತಿ ಸದಸ್ಯರಿದ್ರು, ಒಬ್ಬರ ಮುಖ ಒಬ್ರು ನೋಡ್ಕೊಂಡ್ರು.

ಸಂಘದ ಅಕ್ಕ ಒಬ್ರು ಎಲ್ಲ ಮುಗಿದ್ಮೇಲೆ ಎದ್ದು, "ನಾವು ಮಾಡಿ ಮಾರೋ ಅಂಥದ್ದು ಇದರಲ್ಲಿ ಎಂತಾದ್ರೂ ಉಂಟಾ ಇಲ್ವಾ, ಅದನ್ನ ಹೇಳಿ" ಅಂದ್ರು. ನೇರಳೆ ಜೆಲ್ ಬೇಡ, ಲ್ಯಾಬು, ಸ್ಪಿರಿಟ್ಟು, ಆಯುಷ್ ಲೈಸೆನ್ಸು ಅಂತ ನೂರು ತಾಪತ್ರಯ. ಮುರುಗಲು ಬೀಜದ ತುಪ್ಪ ಇದ್ಯಲ್ಲ, ನೀವು ಒಡೆದ ಹಿಮ್ಮಡಿಗೆ ಹಚ್ಕೊಳ್ತೀರಲ್ಲ ಅದೇ, ಅದರಿಂದ ಶುರು ಮಾಡಿ. ಅದರಲ್ಲಿ ನೀರೇ ಇಲ್ಲ, ಹಂಗಾಗಿ ಬೂಸ್ಟಿನ ಕಾಟ ಬಹಳ ಕಡಿಮೆ, ಸುಮಾರು 40 ಡಿಗ್ರಿಗೆ ಕರಗತ್ತೆ, ಚರ್ಮದ ಮೇಲೆ ಉಜ್ಜಿದ್ರೆ ಇಳಿಯತ್ತೆ. ಆದ್ರೆ 'ಹುಣ್ಣು ವಾಸಿ ಆಗತ್ತೆ', 'ಆಂಟಿಬ್ಯಾಕ್ಟೀರಿಯಲ್' ಅಂತ ಲೇಬಲಲ್ಲಿ ಬರೆದ್ರೋ ಅದು ಔಷಧಿ ಆಗೋಯ್ತು, ಲೈಸೆನ್ಸೇ ಬೇರೆ. 'ಹಿಮ್ಮಡಿ ಮುಲಾಮು' ಅಂತ ಬರೆದ್ರೆ ಕಾಸ್ಮೆಟಿಕ್ಕು, ಅದಕ್ಕೂ ಲೈಸೆನ್ಸ್ ಬೇಕು, ಆದ್ರೆ ದಾರಿ ಸ್ವಲ್ಪ ಸಲೀಸು.

"ಮತ್ತೆ ನೇರಳೆ ಬೀಜ?" ಅಂದ್ರು. ಅದನ್ನ ನಂಗೆ ಕೊಡಿ ಅಂದೆ. ಹಣ್ಣು ತಿಂದ ದಿನಾನೇ ತೊಳೆದು ತಿರುಳು ಬಿಡಿಸಿ, ಹೊಗೆ ತಾಗದಂಗೆ ಒಣಗಿಸಿ, ಬಟ್ಟೆ ಚೀಲದಲ್ಲಿ ಹಾಕಿ, ಯಾವ ಊರಿನ ಮರ, ಯಾವ ತಾರೀಕು ಅಂತ ಒಂದು ಚೀಟಿ. ಬೂಸ್ಟು ಬಂದಿದ್ದು ಬೇಡ. ಅಕ್ಕ ಚೀಟಿ ಬರೆಯೋ ವಿಷ್ಯಕ್ಕೆ ಒಪ್ಪಿದ್ರು, ಕೆಜಿಗೆ ಎಷ್ಟು ಅನ್ನೋದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ.